ಜರ್ಮನಿಯಲ್ಲಿದ್ದೇನೆ, ಇವತ್ತು ಭಾನುವಾರ, ತುರ್ತು ಮಾತ್ರೆ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನನಗೆ 24 ವರ್ಷ, ಶಿವಮೊಗ್ಗ ಕಡೆಯವಳು. ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದೇನೆ. ನಿನ್ನೆ ಶನಿವಾರ ರಾತ್ರಿ ಸುಮಾರು 11ಕ್ಕೆ ನಾನು, ನನ್ನ ಗೆಳೆಯ ಜೊತೆಗಿದ್ದಾಗ ಕಾಂಡೋಮ್ ಹರಿದುಹೋಯಿತು. ಮುಟ್ಟು ಶುರುವಾಗಿ ಇವತ್ತಿಗೆ 11 ದಿನ. ಊರಲ್ಲಾದರೆ ಮೆಡಿಕಲ್ ಶಾಪ್‌ನಲ್ಲಿ ಐ-ಪಿಲ್ ಕೇಳುತ್ತಿದ್ದೆ. ಇಲ್ಲಿ ಭಾನುವಾರ ಎಲ್ಲಾ ಬಂದ್. ನಾನು ಸಾಮಾನು ಕೊಳ್ಳುವ ಡಿಎಂ ಅಂಗಡಿಯಲ್ಲಿ ಇಂಥ ಮಾತ್ರೆ ಕಂಡ ನೆನಪಿಲ್ಲ. ಡಾಕ್ಟರ್ ಚೀಟಿ ಬೇಕಾ? ಪಾಸ್‌ಪೋರ್ಟ್ ಕೇಳುತ್ತಾರಾ? ಇನ್ಶೂರೆನ್ಸ್‌ನಿಂದ ಮನೆಗೆ ಪತ್ರ ಹೋಗುತ್ತಾ? 72 ಗಂಟೆ ಟೈಮ್ ಇದೆ, ಮಂಗಳವಾರ ರಾತ್ರಿ ಬೆಂಗಳೂರಿನಿಂದ ಬರುವ ಫ್ರೆಂಡ್ ತರುತ್ತಾಳೆ, ಸುಮ್ನೆ ಇರು ಎಂದು ರೂಮ್‌ಮೇಟ್ ಹೇಳುತ್ತಾಳೆ. ನನ್ನ ತೂಕ 76 ಕೆ.ಜಿ. ಥೈರಾಯ್ಡ್ ಮಾತ್ರೆ ತಗೊಳ್ತೀನಿ. ಚಳಿಗಾಲದಿಂದ ಮನಸ್ಸು ಸರಿ ಇಲ್ಲ ಅಂತ ಯೋಹಾನಿಸ್‌ಕ್ರೌಟ್ ಎಂಬ ಗಿಡಮೂಲಿಕೆ ಮಾತ್ರೆಯನ್ನೂ ತಗೊಳ್ತಿದ್ದೀನಿ. ಈ ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗಲ್ವಾ? ಇದು ಗರ್ಭಪಾತ ಮಾಡಿದ ಹಾಗಾ?

ಉತ್ತರ: ಈ ಪತ್ರ ಬಂದ ಭಾನುವಾರವೇ ಆಕೆಗೆ ನೇರವಾಗಿ ಉತ್ತರ ಕಳಿಸಿದ್ದೇನೆ. ಇಂಥ ವಿಷಯಕ್ಕೆ ಅಂಕಣ ಪ್ರಕಟವಾಗುವವರೆಗೆ ಕಾಯಲು ಆಗುವುದಿಲ್ಲ. ಆದರೆ ಹೊರದೇಶದಲ್ಲಿ ಓದುವ ಮಕ್ಕಳಿಂದ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಅದಕ್ಕೇ ಆ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ನಿಮ್ಮ ಪತ್ರದ ಮುಕ್ಕಾಲು ಭಾಗ ಯಾರಿಗೆ ಗೊತ್ತಾಗುತ್ತದೆ, ಯಾರು ಏನು ಕೇಳುತ್ತಾರೆ ಎಂಬ ಭಯವೇ. ಅದು ಸಹಜ. ಆದರೆ ಜರ್ಮನಿಯಲ್ಲಿ ಆ ಭಯಗಳಿಗೆ ಬಹುತೇಕ ಕಾರಣವಿಲ್ಲ. ಕೊನೆಯಲ್ಲಿ ಒಂದೇ ಸಾಲಲ್ಲಿ ಬರೆದಿದ್ದೀರಲ್ಲ, ಆ ಗಿಡಮೂಲಿಕೆ ಮಾತ್ರೆ, ನನ್ನ ಗಮನ ಮೊದಲು ಹೋಗಿದ್ದು ಅದರ ಮೇಲೆ. ಅದರ ವಿಷಯಕ್ಕೆ ಬರುತ್ತೇನೆ. ಮೊದಲು ಮಾತ್ರೆ ಎಲ್ಲಿ ಸಿಗುತ್ತದೆ ಎಂಬುದನ್ನು ಮುಗಿಸೋಣ.

ಡಾಕ್ಟರ್ ಚೀಟಿ ಬೇಡ. 2015ರ ಮಾರ್ಚ್‌ವರೆಗೆ ಜರ್ಮನಿಯಲ್ಲಿ ಚೀಟಿ ಕಡ್ಡಾಯವಿತ್ತು. ಹಳೆಯ ವಿದ್ಯಾರ್ಥಿಗಳು ಈಗಲೂ ಅದನ್ನೇ ಹೇಳುತ್ತಿರಬಹುದು. ಈಗ ತುರ್ತು ಮಾತ್ರೆಗಳೆರಡೂ ನೇರವಾಗಿ ಸಿಗುತ್ತವೆ. ಆದರೆ 'ಅಪೊಥೇಕೆ' ಎಂಬ ಫಲಕ, ಕೆಂಪು ಬಣ್ಣದ ದೊಡ್ಡ 'ಎ' ಅಕ್ಷರ ಇರುವ ಔಷಧಿ ಅಂಗಡಿಯಲ್ಲಿ ಮಾತ್ರ. ಡಿಎಂ, ರೋಸ್‌ಮನ್ ಥರದ ಅಂಗಡಿಗಳಲ್ಲಿ ಕಾಂಡೋಮ್ ಇರುತ್ತದೆ, ಗರ್ಭ ಪರೀಕ್ಷೆಯ ಕಿಟ್ ಇರುತ್ತದೆ, ಈ ಮಾತ್ರೆ ಇರುವುದಿಲ್ಲ. ನಮ್ಮ ಮಕ್ಕಳು ಅಲ್ಲಿಗೆ ಹೋಗಿ, ಕಾಣದೆ, ಈ ದೇಶದಲ್ಲಿ ಸಿಗುವುದೇ ಇಲ್ಲ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆನ್‌ಲೈನ್ ಔಷಧಿ ಅಂಗಡಿಗಳಲ್ಲೂ ಹುಡುಕಬೇಡಿ. ಈ ಮಾತ್ರೆಯನ್ನು ಅಂಚೆಯಲ್ಲಿ ಕಳಿಸುವುದಕ್ಕೆ ಅಲ್ಲಿ ನಿಷೇಧವಿದೆ. ಪಾರ್ಸಲ್ ಬರುವಷ್ಟರಲ್ಲಿ ಸಮಯ ಮೀರಿರುತ್ತದೆ, ಎದುರಾಎದುರು ಮಾತಾಡಿಯೇ ಕೊಡಬೇಕು ಎಂಬುದು ಅದರ ಹಿಂದಿನ ಲೆಕ್ಕ.

ಭಾನುವಾರವೂ ಸಿಗುತ್ತದೆ. ಪ್ರತಿ ಊರಿನ ಅಪೊಥೇಕೆಗಳು ರಾತ್ರಿಗೆ, ಭಾನುವಾರಕ್ಕೆ, ರಜಾ ದಿನಕ್ಕೆ ಸರದಿ ಹಾಕಿಕೊಂಡಿರುತ್ತವೆ. ಅದಕ್ಕೆ 'ನೋಟ್‌ಡೀನ್ಸ್ಟ್' ಅನ್ನುತ್ತಾರೆ. ಮುಚ್ಚಿರುವ ಯಾವ ಅಪೊಥೇಕೆಯ ಬಾಗಿಲಿಗೆ ಹೋದರೂ, ಇವತ್ತು ಯಾವುದು ತೆರೆದಿದೆ ಎಂಬ ಪಟ್ಟಿ ಅಲ್ಲೇ ಇರುತ್ತದೆ. ಮೊಬೈಲ್‌ನಿಂದ 22833ಕ್ಕೆ ಫೋನ್ ಮಾಡಿದರೂ ತಿಳಿಯುತ್ತದೆ. ಸರದಿಯ ಅಂಗಡಿಯ ಬಾಗಿಲೂ ಹಾಕಿರಬಹುದು, ಅದನ್ನು ನೋಡಿ ವಾಪಸ್ ಬರಬೇಡಿ. ಗಂಟೆ ಒತ್ತಿದರೆ ಸಣ್ಣ ಕಿಂಡಿ ತೆರೆದು ಮಾತಾಡುತ್ತಾರೆ. ಹೊತ್ತಲ್ಲದ ಹೊತ್ತಿನ ಸೇವೆಗೆ 2.50 ಯೂರೊ ಹೆಚ್ಚಿಗೆ ತಗೊಳ್ಳಬಹುದು. 'ಪಿಲ್ಲೆ ದನಾಖ್' ಎಂದರೆ ಸಾಕು, ಅವರಿಗೆ ತಿಳಿಯುತ್ತದೆ. ಉಳಿದದ್ದನ್ನು ಇಂಗ್ಲಿಷ್‌ನಲ್ಲಿ ಕೇಳಿ ನೋಡಿ, ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ.

ವಯಸ್ಕರಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಮದುವೆ ಆಗಿದೆಯಾ ಎಂದು ಯಾರೂ ಕೇಳುವುದಿಲ್ಲ. ವೀಸಾಗೂ ಇದಕ್ಕೂ ಸಂಬಂಧವೇ ಇಲ್ಲ. ಸರ್ಕಾರಿ ವಿಮೆ ಇದರ ಖರ್ಚು ಕೊಡುವುದು ಸಾಮಾನ್ಯವಾಗಿ 22 ತುಂಬದವರಿಗೆ, ಅದೂ ಡಾಕ್ಟರ್ ಚೀಟಿ ಇದ್ದರೆ. ನಿಮಗೆ 24, ಹಾಗಾಗಿ ಕೈಯಿಂದಲೇ ಕೊಡಬೇಕು. ಮಾತ್ರೆಯ ಬಗೆ ನೋಡಿಕೊಂಡು ಸುಮಾರು 15ರಿಂದ 35 ಯೂರೊ. ಊರಿನ ಬೆಲೆಗೆ ಹೋಲಿಸಿದರೆ ಜಾಸ್ತಿ, ನಿಜ. ಆದರೆ ವಿಮೆ ಕಂಪನಿ ಮಧ್ಯೆ ಬರುವುದೇ ಇಲ್ಲವಲ್ಲ, ಮನೆಗೆ ಪತ್ರ ಹೋಗುವ ಮಾತೂ ಇಲ್ಲ. ಅಪ್ಪನ ಕಾರ್ಡಿಗೆ ಜೋಡಿಸಿದ ಖಾತೆ ನಿಮ್ಮದಾಗಿದ್ದರೆ ನಗದು ಕೊಡಿ.

ಫಾರ್ಮಸಿಸ್ಟ್ ಪ್ರಶ್ನೆ ಮಾತ್ರ ಕೇಳಿಯೇ ಕೇಳುತ್ತಾರೆ. ಯಾವಾಗ ಆಯಿತು, ಕೊನೆಯ ಮುಟ್ಟು ಯಾವಾಗ, ಬೇರೆ ಯಾವ ಮಾತ್ರೆ ತಗೊಳ್ತೀರಿ, ಮಗುವಿಗೆ ಹಾಲು ಕೊಡುತ್ತಿದ್ದೀರಾ, ಇಂಥವು. ನಮ್ಮ ಹುಡುಗಿಯರಿಗೆ ಇದು ಪೊಲೀಸ್ ವಿಚಾರಣೆಯ ಥರ ಅನ್ನಿಸಿ, 'ಬೇರೆ ಏನೂ ತಗೊಳ್ಳಲ್ಲ' ಎಂದು ಬೇಗ ಬೇಗ ಹೇಳಿ ಮುಗಿಸಿಬಿಡುತ್ತಾರೆ. ನಿಮ್ಮ ವಿಷಯದಲ್ಲಿ ಆ ಒಂದು ಉತ್ತರವೇ ಕೆಲಸ ಕೆಡಿಸುತ್ತಿತ್ತು. ಯಾಕೆ ಎಂದು ಹೇಳುತ್ತೇನೆ.

ಅಲ್ಲಿ ಎರಡು ಬಗೆಯ ಮಾತ್ರೆ ಇವೆ. ಒಂದು ಲೆವೊನಾರ್ಜೆಸ್ಟ್ರೆಲ್, 1.5 ಮಿಲಿಗ್ರಾಂ. ನಮ್ಮ ಐ-ಪಿಲ್, ಅನ್‌ವಾಂಟೆಡ್-72 ಎರಡರಲ್ಲೂ ಇರುವುದು ಇದೇ. ಜರ್ಮನಿಯಲ್ಲಿ ಪಿಡಾನಾ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಇನ್ನೊಂದು ಯುಲಿಪ್ರಿಸ್ಟಾಲ್, 30 ಮಿಲಿಗ್ರಾಂ. ಎಲ್ಲಾವನ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಮೊದಲನೆಯದಕ್ಕೆ ಮೂರು ದಿನದ ಗಡುವು, ಎರಡನೆಯದಕ್ಕೆ ಐದು ದಿನ.

ಎರಡೂ ಮಾಡುವ ಕೆಲಸ ಒಂದೇ, ಅಂಡಾಶಯದಿಂದ ಅಂಡಾಣು ಹೊರಬರುವುದನ್ನು ಮುಂದಕ್ಕೆ ತಳ್ಳುವುದು. ವೀರ್ಯಾಣು ಮೈಯೊಳಗೆ ಐದು ದಿನದವರೆಗೂ ಬದುಕಿರಬಲ್ಲದು. ಅಂಡಾಣು ಹೊರಬಂದ ಮೇಲೆ ಬದುಕುವುದು ಹೆಚ್ಚೆಂದರೆ ಒಂದು ದಿನ. ಇವೆರಡೂ ಭೇಟಿಯಾಗದ ಹಾಗೆ ನೋಡಿಕೊಂಡರೆ ಗರ್ಭ ನಿಲ್ಲುವುದಿಲ್ಲ. ಹಾಗಾಗಿ ಇದು ಗರ್ಭಪಾತ ಅಲ್ಲ. ಗರ್ಭವೇ ಆಗದಂತೆ ತಡೆಯುವುದು. ಈಗಾಗಲೇ ಗರ್ಭ ನಿಂತಿದ್ದರೆ ಅದನ್ನು ತೆಗೆಯುವ ಶಕ್ತಿ ಈ ಮಾತ್ರೆಗಿಲ್ಲ.

72 ಗಂಟೆಯ ಬಗ್ಗೆ ಇರುವ ತಪ್ಪು ಕಲ್ಪನೆಯೂ ಇಲ್ಲಿಂದಲೇ ಹುಟ್ಟುತ್ತದೆ. ಬಸ್ ನಿಲ್ದಾಣದಲ್ಲಿ ನಿಂತಿರುವಾಗ ತಡೆಯಬಹುದು, ಹೊರಟ ಮೇಲೆ ಕೈ ಬೀಸಿ ಪ್ರಯೋಜನವಿಲ್ಲ ಅಲ್ವಾ? ಅಂಡಾಣು ಬಿಡುಗಡೆಗೆ ಮೊದಲು ಎಲ್ಎಚ್ ಎಂಬ ಹಾರ್ಮೋನ್ ದಿಢೀರ್ ಏರುತ್ತದೆ. ಆ ಏರಿಕೆ ಶುರುವಾದ ಮೇಲೆ ಲೆವೊನಾರ್ಜೆಸ್ಟ್ರೆಲ್ ಬಹುತೇಕ ಕೆಲಸ ಮಾಡುವುದಿಲ್ಲ. ಯುಲಿಪ್ರಿಸ್ಟಾಲ್ ಅದಾದ ಮೇಲೂ, ಹಾರ್ಮೋನ್ ತುದಿ ಮುಟ್ಟುವವರೆಗೆ, ತಡೆಯಬಲ್ಲದು. 72 ಗಂಟೆ ಎಂದರೆ ಅಲ್ಲಿಯವರೆಗೆ ಆರಾಮಾಗಿ ಇರಬಹುದು ಎಂದಲ್ಲ. ನಿಮಗೆ ಮುಟ್ಟು ಶುರುವಾಗಿ 11 ದಿನ. ಸಾಮಾನ್ಯ ಲೆಕ್ಕದಲ್ಲಿ ಇನ್ನು ಮೂರ್ನಾಲ್ಕು ದಿನದಲ್ಲಿ ಅಂಡಾಣು ಹೊರಬರಬಹುದು. ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವ ದಿನಗಳೇ ಇವು. ಮಾತ್ರೆ ಕೆಲಸ ಮಾಡಬಹುದಾದ ದಿನಗಳೂ ಇವೇ. ಮಂಗಳವಾರ ರಾತ್ರಿಗೆ ಕಾದರೆ ಬಸ್ ಹೊರಟಿರುವ ಸಾಧ್ಯತೆ ಇದೆ.

ಊರಿಂದ ತರಿಸುವ ಯೋಚನೆಗೆ ಇನ್ನೊಂದು ಅಪಾಯವಿದೆ. ಅನ್‌ವಾಂಟೆಡ್-72 ಬೇರೆ, ಅನ್‌ವಾಂಟೆಡ್ ಕಿಟ್ ಬೇರೆ. ಎರಡನೆಯದು ನಿಂತ ಗರ್ಭ ತೆಗೆಯುವ ಔಷಧಿ, ವೈದ್ಯರ ನಿಗಾದಲ್ಲಿ ಮಾತ್ರ ತಗೊಳ್ಳಬೇಕಾದ್ದು. ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ನುಂಗಿ ನನ್ನ ಬಳಿ ಬಂದವರಿದ್ದಾರೆ. ಕೊರಿಯರ್ ಅಂತೂ ಬೇಡವೇ ಬೇಡ. ಯುರೋಪ್ ಒಕ್ಕೂಟದ ಹೊರಗಿನಿಂದ ಖಾಸಗಿ ವ್ಯಕ್ತಿಗಳು ಅಂಚೆಯಲ್ಲಿ ಔಷಧಿ ತರಿಸುವುದನ್ನು ಜರ್ಮನಿಯ ಕಸ್ಟಮ್ಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ರಯಾಣ ಮಾಡುವವರು ತಮ್ಮ ಬಳಕೆಗೆ ಬೇಕಾದಷ್ಟು ಬ್ಯಾಗಿನಲ್ಲಿ ತರಬಹುದು, ಅದಕ್ಕೆ ತೊಂದರೆ ಇಲ್ಲ.

ಈಗ ಯಾವ ಮಾತ್ರೆ ಎಂಬ ಮಾತು. ಸಾಮಾನ್ಯವಾಗಿ ನಿಮ್ಮಂಥವರಿಗೆ ನಾನು ಯುಲಿಪ್ರಿಸ್ಟಾಲ್ ಎನ್ನುತ್ತಿದ್ದೆ. ಕಾರಣ ತೂಕ. 70 ಕೆ.ಜಿ. ದಾಟಿದವರಲ್ಲಿ ಲೆವೊನಾರ್ಜೆಸ್ಟ್ರೆಲ್‌ನ ಪ್ರಭಾವ ಕಡಿಮೆ ಆಗಬಹುದು ಎಂಬ ಅನುಮಾನ ಹಲವು ವರ್ಷಗಳಿಂದ ಇದೆ. ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಇದನ್ನು ಪರಿಶೀಲಿಸಿ, ತೂಕ ಎಷ್ಟೇ ಇದ್ದರೂ ಬಳಸಬಹುದು ಎಂದಿತು. ಬ್ರಿಟನ್ನಿನ ತಜ್ಞರ ಮಾರ್ಗಸೂಚಿ ಮಾತ್ರ 70 ಕೆ.ಜಿ. ದಾಟಿದವರಿಗೆ ಯುಲಿಪ್ರಿಸ್ಟಾಲ್ ಅಥವಾ ಎರಡರಷ್ಟು ಲೆವೊನಾರ್ಜೆಸ್ಟ್ರೆಲ್ ಒಳ್ಳೆಯದು ಅನ್ನುತ್ತದೆ. ನನ್ನ ಒಲವು ಬ್ರಿಟನ್ನಿನ ಕಡೆಗೆ. ಎಚ್ಚರಿಕೆಯಿಂದ ನಷ್ಟವಿಲ್ಲ.

ಆದರೆ ನಿಮ್ಮ ಯೋಹಾನಿಸ್‌ಕ್ರೌಟ್ ಈ ಲೆಕ್ಕವನ್ನು ತಿರುಗಿಸಿಬಿಡುತ್ತದೆ. ಜರ್ಮನಿಯಲ್ಲಿ ಮನಸ್ಸಿನ ಬೇಸರಕ್ಕೆ ಇದನ್ನು ಧಾರಾಳವಾಗಿ ಬಳಸುತ್ತಾರೆ. ಕಡಿಮೆ ಪ್ರಮಾಣದ ಮಾತ್ರೆ, ಚಹಾ ಎಲ್ಲಾ ಸಾಮಾನ್ಯ ಅಂಗಡಿಯಲ್ಲೇ ಸಿಗುತ್ತವೆ. ಗಿಡಮೂಲಿಕೆ ತಾನೇ, ಏನಾಗುತ್ತದೆ ಎಂಬ ಭಾವನೆ ಅಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ಈ ಗಿಡದ ಸಾರ ಲಿವರ್‌ನಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆಗ ತುರ್ತು ಮಾತ್ರೆ ಕೆಲಸ ಮುಗಿಸುವ ಮೊದಲೇ ದೇಹ ಅದನ್ನು ಕರಗಿಸಿ ಹೊರಹಾಕುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸಹ ಹೀಗೇ ಮಾಡುತ್ತವೆ. ಇವತ್ತು ನಿಲ್ಲಿಸಿದರೂ ಪರಿಣಾಮ ಸುಮಾರು ನಾಲ್ಕು ವಾರ ಉಳಿಯುತ್ತದೆ. ನಿಮ್ಮ ಥೈರಾಯ್ಡ್ ಮಾತ್ರೆಯಿಂದ ಇಂಥ ತೊಂದರೆ ಏನೂ ಇಲ್ಲ, ಎಂದಿನಂತೆ ಮುಂದುವರಿಸಿ.

ಇಂಥ ಔಷಧಿ ಜೊತೆಗಿದ್ದಾಗ ಯುಲಿಪ್ರಿಸ್ಟಾಲ್ ಕೊಡುವುದಿಲ್ಲ. ಪ್ರಮಾಣ ಹೆಚ್ಚಿಸಿ ಕೊಡುವ ರೂಢಿಯೂ ಅದಕ್ಕಿಲ್ಲ. ಉಳಿಯುವುದು ಎರಡು ದಾರಿ.

ಅತ್ಯಂತ ಖಚಿತವಾದದ್ದು ಕಾಪರ್ ಟಿ. ಐದು ದಿನದೊಳಗೆ, ಅಂದರೆ ಗುರುವಾರ ರಾತ್ರಿಯೊಳಗೆ ಹಾಕಿಸಿದರೆ 99%ಗಿಂತ ಹೆಚ್ಚು ರಕ್ಷಣೆ. ತಾಮ್ರಕ್ಕೆ ನಿಮ್ಮ ತೂಕವೂ ಲೆಕ್ಕಕ್ಕಿಲ್ಲ, ಗಿಡಮೂಲಿಕೆಯೂ ಲೆಕ್ಕಕ್ಕಿಲ್ಲ. ಅದು ವೀರ್ಯಾಣುವಿಗೇ ವಿಷ. ಫಲಿತವಾದರೂ ಗರ್ಭಕೋಶದಲ್ಲಿ ನೆಲೆಯೂರಲು ಬಿಡದಿರಬಹುದು. ಈ ಕೊನೆಯ ಮಾತು ಕೆಲವರಿಗೆ ಮುಖ್ಯವಾಗುತ್ತದೆ, ಅದಕ್ಕೇ ಮುಚ್ಚಿಡದೆ ಹೇಳಿದೆ. ಮದುವೆಯಾಗದವರಿಗೆ, ಹೆರದವರಿಗೆ ಕಾಪರ್ ಟಿ ಹಾಕಬಾರದು ಎಂಬುದು ನಮ್ಮೂರಿನ ಹಳೆಯ ಮಾತು, ಅದಕ್ಕೆ ಆಧಾರವಿಲ್ಲ. ಹಾಕುವಾಗ ನೋವಾಗುತ್ತದೆ, ಮುಂದಿನ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಜಾಸ್ತಿ ಆಗಬಹುದು. ಅಪರೂಪಕ್ಕೆ ಸೋಂಕು ಆಗಬಹುದು, ಜಾರಬಹುದು. ಖರ್ಚು ನೂರರ ಲೆಕ್ಕದಲ್ಲಿ ಯೂರೊ, ನಿಮ್ಮ ವಯಸ್ಸಿಗೆ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ದೊಡ್ಡ ತೊಡಕು ಅಪಾಯಿಂಟ್‌ಮೆಂಟ್. ಸೋಮವಾರ ಬೆಳಿಗ್ಗೆ ಸ್ತ್ರೀರೋಗ ವೈದ್ಯರಿಗೆ ಫೋನ್ ಮಾಡುವಾಗ, ಸುಮ್ನೆ ಕಾಪರ್ ಟಿ ಬೇಕು ಎನ್ನದೆ, 'ತುರ್ತು ಗರ್ಭನಿರೋಧಕವಾಗಿ, ಗುರುವಾರದೊಳಗೆ' ಎಂದೇ ಹೇಳಿ. ಸಿಗದಿದ್ದರೆ ದೊಡ್ಡ ಆಸ್ಪತ್ರೆಯ ಸ್ತ್ರೀರೋಗ ವಿಭಾಗ, ಅಥವಾ ಪ್ರೊ ಫಮೀಲಿಯಾ ಸಲಹಾ ಕೇಂದ್ರ. ಯಾರು ಹಾಕುತ್ತಾರೆ ಎಂದು ಪ್ರೊ ಫಮೀಲಿಯಾದವರನ್ನು ಕೇಳಿದರೆ ಅಲೆದಾಟ ಕಡಿಮೆಯಾಗುತ್ತದೆ.

ಎರಡನೆಯ ದಾರಿ ಲೆವೊನಾರ್ಜೆಸ್ಟ್ರೆಲ್ ಅನ್ನು ಎರಡರಷ್ಟು, ಒಟ್ಟು 3 ಮಿಲಿಗ್ರಾಂ, ಒಟ್ಟಿಗೇ ತಗೊಳ್ಳುವುದು. ಇದು ನನ್ನ ಸ್ವಂತ ಐಡಿಯಾ ಅಲ್ಲ. ಇಂಥ ಔಷಧಿ ತಗೊಳ್ಳುವವರಿಗೆ ಹೀಗೇ ಮಾಡಬೇಕೆಂದು ಯುರೋಪಿನಲ್ಲಿ ಮಾತ್ರೆಯ ಜೊತೆ ಬರುವ ಸೂಚನೆಯಲ್ಲೇ ಬರೆದಿರುತ್ತದೆ. ನೀವು ಯೋಹಾನಿಸ್‌ಕ್ರೌಟ್ ಹೆಸರು ಹೇಳಿದ ತಕ್ಷಣ ಫಾರ್ಮಸಿಸ್ಟ್‌ಗೆ ಅರ್ಥವಾಗಬೇಕು. ಖರ್ಚು ಎರಡು ಪ್ಯಾಕೆಟ್‌ನದು. ಆದರೆ ಎರಡರಷ್ಟು ತಗೊಂಡ ಮಾತ್ರಕ್ಕೆ ಪೂರ್ತಿ ರಕ್ಷಣೆ ಬಂತು ಎಂದು ಯಾರೂ ಭರವಸೆ ಕೊಡಲಾರರು. ಯಾವ ಅಡ್ಡಿಯೂ ಇಲ್ಲದೆ ತಗೊಂಡವರಲ್ಲೇ ನೂರರಲ್ಲಿ ಒಬ್ಬರಿಂದ ಮೂವರಿಗೆ ಗರ್ಭ ನಿಲ್ಲುವುದುಂಟು. ನಿಮ್ಮಲ್ಲಿ ಆ ಸಾಧ್ಯತೆ ಅದಕ್ಕಿಂತ ಹೆಚ್ಚು ಎಂದೇ ಇಟ್ಟುಕೊಳ್ಳಿ.

ಒಂದನ್ನು ಆರಿಸಿದರೆ ಇನ್ನೊಂದು ಕೈತಪ್ಪಿತು ಎಂದೇನಿಲ್ಲ. ಹಾಗಾಗಿ ಆಕೆಗೆ ಬರೆದದ್ದು ಇಷ್ಟು: ಇವತ್ತೇ ನೋಟ್‌ಡೀನ್ಸ್ಟ್ ಅಂಗಡಿಗೆ ಹೋಗಿ 3 ಮಿಲಿಗ್ರಾಂ ತಗೊಳ್ಳಿ. ಕಾಪರ್ ಟಿ ಒಪ್ಪಿಗೆಯಾದರೆ ನಾಳೆ ಬೆಳಿಗ್ಗೆಯಿಂದ ಫೋನ್ ಶುರು ಮಾಡಿ. ಹಾಕಿಸಿಕೊಳ್ಳಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನನ್ನ ಮಗಳಾಗಿದ್ದರೆ ಹಾಕಿಸು ಎನ್ನುತ್ತಿದ್ದೆ.

ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೆ ತಗೊಳ್ಳಬೇಕು. ಒಂದೆರಡು ದಿನ ವಾಕರಿಕೆ, ತಲೆನೋವು, ಸುಸ್ತು ಇರಬಹುದು. ನಡುವೆ ಸ್ವಲ್ಪ ರಕ್ತ ಕಂಡರೆ 'ಮಾತ್ರೆ ಕೆಲಸ ಮಾಡಿತು' ಎಂದು ನಿಟ್ಟುಸಿರು ಬಿಡುವವರು ಬಹಳ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂದಿನ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗುತ್ತದೆ. ಅಂಡಾಣು ಬರುವುದನ್ನು ಮುಂದಕ್ಕೆ ಹಾಕಿದ್ದೇವೆ ಅಷ್ಟೇ, ಅದು ಆಮೇಲೆ ಬಂದೇ ಬರುತ್ತದೆ. ಕಾಪರ್ ಟಿ ಹಾಕಿಸದಿದ್ದರೆ ಮುಟ್ಟು ಬರುವವರೆಗೆ ಕಾಂಡೋಮ್ ತಪ್ಪಿಸಬೇಡಿ. ಮೂರು ವಾರ ಆದ ಮೇಲೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿ. ಆ ಕಿಟ್ ನಿಮ್ಮ ಡಿಎಂನಲ್ಲೇ ಸಿಗುತ್ತದೆ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮಕ್ಕಳಾಗುವುದಿಲ್ಲ ಎಂಬ ಮಾತು ಸುಳ್ಳು. ಮಾತ್ರೆ ಕೆಲವೇ ದಿನಗಳಲ್ಲಿ ಮೈಯಿಂದ ಹೋಗುತ್ತದೆ, ಫಲವತ್ತತೆಗೆ ಏನೂ ಆಗುವುದಿಲ್ಲ. ಜೀವನದಲ್ಲಿ ಎರಡೇ ಸಲ ತಗೊಳ್ಳಬಹುದು ಎಂಬುದೂ ಕಟ್ಟುಕಥೆ. ಪದೇ ಪದೇ ಬೇಡ ಎನ್ನುವುದು ಅಪಾಯಕ್ಕಲ್ಲ, ನಿತ್ಯದ ಗರ್ಭನಿರೋಧಕದಷ್ಟು ಇದು ಕೆಲಸ ಮಾಡುವುದಿಲ್ಲ ಎಂಬುದಕ್ಕೆ. ಇನ್ನು ಪರಂಗಿ, ಅನಾನಸ್, ಎಳ್ಳು ಬೆಲ್ಲ. ತಿನ್ನಬೇಕೆನಿಸಿದರೆ ತಿನ್ನಿ, ಗರ್ಭ ತಡೆಯುವ ಗುಣ ಅವಕ್ಕಿಲ್ಲ.

ಪರೀಕ್ಷೆಯಲ್ಲಿ ಗರ್ಭ ನಿಂತಿದೆ ಎಂದು ಬಂದರೂ ದಾರಿ ಮುಚ್ಚಿಲ್ಲ. ಜರ್ಮನಿಯ ಕಾನೂನಿನಲ್ಲಿ ಗರ್ಭಪಾತ ಇಂದಿಗೂ ಅಪರಾಧದ ಪಟ್ಟಿಯಲ್ಲಿದೆ. ಆದರೆ ಗರ್ಭ ಕಟ್ಟಿದ 12 ವಾರದೊಳಗೆ, ಮಾನ್ಯ ಕೇಂದ್ರದಲ್ಲಿ ಸಲಹೆ ಪಡೆದು, ಮೂರು ದಿನ ಕಾದು, ವೈದ್ಯರಿಂದ ಮಾಡಿಸಿದರೆ ಶಿಕ್ಷೆಯಿಲ್ಲ. ಆ ಸಲಹಾ ಪತ್ರವನ್ನು ಪ್ರೊ ಫಮೀಲಿಯಾದಂಥ ಕೇಂದ್ರಗಳು ಕೊಡುತ್ತವೆ.

ಇದು ನಿಮ್ಮಿಬ್ಬರ ಒಪ್ಪಿಗೆಯಿಂದ ಆದದ್ದು ಎಂದು ಪತ್ರ ಓದಿದರೆ ಅನ್ನಿಸುತ್ತದೆ. ಬಲವಂತ ನಡೆದಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಜರ್ಮನಿಯಲ್ಲಿ 116016 ಎಂಬ ಸಹಾಯವಾಣಿ ಹಗಲು ರಾತ್ರಿ ಇದೆ, ಹಲವು ಭಾಷೆಗಳಲ್ಲಿ, ಹೆಸರು ಹೇಳದೆ ಮಾತಾಡಬಹುದು. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು.

ಬೇರೆ ದೇಶಗಳಿಗೆ ಹೊರಟವರಿಗೆ ಒಂದು ಮಾತು. ಜರ್ಮನಿಯ ನಿಯಮ ಪಕ್ಕದ ದೇಶಕ್ಕೇ ಹೊಂದುವುದಿಲ್ಲ. ಫ್ರಾನ್ಸಿನಲ್ಲಿ 2023ರಿಂದ ಎಲ್ಲಾ ವಯಸ್ಸಿನ ಹೆಂಗಸರಿಗೂ ಉಚಿತ, ಚೀಟಿಯಿಲ್ಲದೆ. ಅಮೆರಿಕದಲ್ಲಿ ಲೆವೊನಾರ್ಜೆಸ್ಟ್ರೆಲ್ ಅಂಗಡಿಯ ಕಪಾಟಿನಲ್ಲೇ ಸಿಗುತ್ತದೆ, ಯುಲಿಪ್ರಿಸ್ಟಾಲ್‌ಗೆ ಚೀಟಿ ಬೇಕು. ಹಂಗೇರಿಯಲ್ಲಿ ಎರಡಕ್ಕೂ ಚೀಟಿ. ಸೂಟ್‌ಕೇಸ್ ಕಟ್ಟುವಾಗ ಹೋಗುವ ದೇಶದ ನಿಯಮ ನೋಡಿಕೊಂಡು, ಸಾರಿನ ಪುಡಿಯ ಪಕ್ಕ ಒಂದು ಪ್ಯಾಕೆಟ್ ಇಟ್ಟುಕೊಂಡರೆ ತಪ್ಪೇನಿಲ್ಲ.

ಇನ್ನು ಆ ಯೋಹಾನಿಸ್‌ಕ್ರೌಟ್. ಇದು ತುರ್ತು ಮಾತ್ರೆಯನ್ನಷ್ಟೇ ಅಲ್ಲ, ದಿನಾ ತಗೊಳ್ಳುವ ಗರ್ಭನಿರೋಧಕ ಮಾತ್ರೆಯನ್ನೂ ದುರ್ಬಲ ಮಾಡುತ್ತದೆ. ಮುಂದೆ ಯಾವ ವಿಧಾನ ಆರಿಸಿದರೂ ಇದರ ಹೆಸರು ವೈದ್ಯರಿಗೆ ಹೇಳಿ. ನಿಲ್ಲಿಸುವುದಾದರೂ ಅವರನ್ನು ಕೇಳಿ ನಿಲ್ಲಿಸಿ. ಚಳಿಗಾಲದಿಂದ ಮನಸ್ಸು ಸರಿಯಿಲ್ಲ ಎಂದು ಬರೆದಿದ್ದೀರಿ, ಅದರ ಬಗ್ಗೆ ಮಾತ್ರ ಏನೂ ಕೇಳಿಲ್ಲ. ಅಲ್ಲಿನ ಹೆಚ್ಚಿನ ಊರುಗಳಲ್ಲಿ ಸ್ಟುಡಿಯೆರೆಂಡನ್‌ವೆರ್ಕ್ ಎಂಬ ವಿದ್ಯಾರ್ಥಿ ಸಂಸ್ಥೆ ಮಾನಸಿಕ ಸಲಹೆ ಕೊಡುತ್ತದೆ, ಇಂಗ್ಲಿಷ್‌ನಲ್ಲೂ ಸಿಗುತ್ತದಾ ಎಂದು ಕೇಳಿ. ಈ ವಾರದ ಗಡಿಬಿಡಿ ಮುಗಿದ ಮೇಲೆ ಒಂದು ಅಪಾಯಿಂಟ್‌ಮೆಂಟ್ ತಗೊಳ್ಳಿ.